ಇಬ್ಬನಿಗೆ ಉರಿದ ದೀಪಗಳು

ಕಳೆದ ಜನವರಿಯ ಒಂದು ಬೆಳಿಗ್ಗೆ ಮಗನ ಹೊಸ ಕಾರಿನಲ್ಲಿ ಮೂಡಬಿದಿರೆಗೆ ಹೊರಟಿದ್ದೆವು. ಗುರುವಾಯನಕೆರೆ ದಾಟುತ್ತಿದ್ದಂತೆ ಸ್ಟಿಯರಿಂಗಿನ ಹಿಂದೆ ಹಳದಿ ಬಣ್ಣದ ದೀಪವೊಂದು ಹೊತ್ತಿಕೊಂಡಿತು. ಮಗ ಗಾಡಿಯನ್ನು ಬದಿಗೆ ನಿಲ್ಲಿಸಿ ಫೋನಿನಲ್ಲಿ ಅದರ ಅರ್ಥ ಹುಡುಕತೊಡಗಿದ. ನಾನು ಕೆಳಗಿಳಿದೆ. ಮುಂದಿನ ಗಾಜಿನ ಬುಡದ ಸಂದಿಯಲ್ಲಿ ಇಬ್ಬನಿಯ ನೀರು ಹರಿದು ನಿಂತಿತ್ತು. ಅದಕ್ಕೆ ಬೆರಳು ಅದ್ದಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ.

"ಉಮ್ಮ, ಎಂಥ ಮಾಡುದು ನೀವು? ಜನ ನೋಡ್ತಾರೆ."

"ಏನಿಲ್ಲ, ಬರೀ ನೀರು" ಎಂದೆ. "ಇದು ಬೇರೆ ಏನೋ. ನೀನು ಹುಡುಕು."

ಅವನು ನನ್ನ ಮುಖವನ್ನೊಮ್ಮೆ, ಫೋನನ್ನೊಮ್ಮೆ ನೋಡಿ ಮತ್ತೆ ಹುಡುಕತೊಡಗಿದ. ತಾಯಂದಿರಿಗೆ ವಯಸ್ಸಾಗುತ್ತದೆ ಎಂದುಕೊಂಡಿರಬೇಕು. ಕಾರಿನ ಗಾಜಿನ ನೀರನ್ನು ನಾನು ರುಚಿ ನೋಡುವುದಕ್ಕೆ ಕಾರಣವಾದ ಚಳಿಗಾಲ ಅವನು ಹುಟ್ಟುವುದಕ್ಕಿಂತ ಮೊದಲಿನದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೆಳ್ತಂಗಡಿ ಪಕ್ಕದ ಲಾಯಿಲದ ಮನೆಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ.

ನನ್ನ ತವರು ತೋಡಾರು. ಮೂಡಬಿದಿರೆಯ ಕಾಲೇಜಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬಂದು ಡಿಗ್ರಿ ಮುಗಿಸಿದವಳು. ಲಾಯಿಲದ ಮನೆಯಲ್ಲಿ ಇದ್ದದ್ದು ಮಾವ, ಅತ್ತೆ ಮತ್ತು ನಾನು. ನನ್ನವರು ಗಲ್ಫಿನ ದಮ್ಮಾಮಿನಲ್ಲಿ ಕೆಲಸಕ್ಕಿದ್ದರು. ಮಾವನಿಗೆ ಬೆಳ್ತಂಗಡಿ ಪೇಟೆಯಲ್ಲಿ ಕೊಡೆ ಮತ್ತು ಚೀಲಗಳ ಅಂಗಡಿ. ಅತ್ತೆ ಬೀಪಾತುಮ್ಮನಿಗೆ ಮನೆ, ಕೋಳಿ, ಬಸಳೆ ಚಪ್ಪರ. ಮನೆಯೊಳಗೆ ನಾವು ಆಡುವುದು ಬ್ಯಾರಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ಇಲ್ಲಿ ಎಲ್ಲರ ಬಾಯಿಗೂ ಕನ್ನಡವನ್ನೇ ಕೊಟ್ಟಿದ್ದೇನೆ, ಓದುವವರಿಗೆ ಸುಲಭವಾಗಲಿ ಎಂದು.

ನನಗೆ ಆಗ ಒಂದು ಕೆಲಸ ಸಿಕ್ಕಿತ್ತು. ಗುರುವಾಯನಕೆರೆಯಿಂದ ಮೂಡಬಿದಿರೆ ರಸ್ತೆಯಲ್ಲಿ ಸ್ವಲ್ಪ ಹೋಗಿ ಒಳಗೆ ತಿರುಗಿದರೆ ಚಿಕ್ಕ ಮಕ್ಕಳ ಶಾಲೆಯೊಂದಿತ್ತು. ಅಲ್ಲಿ ಅ ಆ ಇ ಈ ಹೇಳಿಕೊಡುವ ಟೀಚರು. ಮಾವ ಬೇಡವೆನ್ನಲಿಲ್ಲ, ಆದರೆ ಬೆಳಗಿನ ಬಸ್ಸಿನ ನೂಕುನುಗ್ಗಲಿಗೆ ಸೊಸೆಯನ್ನು ಕಳುಹಿಸುವುದಿಲ್ಲ ಎಂದರು. ಆ ವರ್ಷ ಮಳೆ ಬಿಟ್ಟ ಮೇಲೆ ರಜೆಯಲ್ಲಿ ಬಂದ ನನ್ನವರು ಅದಕ್ಕೊಂದು ದಾರಿ ಹುಡುಕಿದರು. ಮಂಗಳೂರಿನಿಂದ ಒಂದು ಸಣ್ಣ ಬಿಳಿ ಕಾರನ್ನು ತಂದರು. ಬೇರೆಯವರು ಓಡಿಸಿ ಬಿಟ್ಟದ್ದು, ಆದರೂ ಒಳ್ಳೆಯ ಸ್ಥಿತಿಯಲ್ಲಿತ್ತು. ನನ್ನನ್ನು ಡ್ರೈವಿಂಗ್ ಶಾಲೆಗೆ ಸೇರಿಸಿ, ಲೈಸೆನ್ಸು ಕೈಗೆ ಬಂದದ್ದನ್ನು ಕಣ್ಣಾರೆ ನೋಡಿಯೇ ವಿಮಾನ ಹತ್ತಿದರು.

ನಮ್ಮ ಓಣಿಯಲ್ಲಿ ಹೆಂಗಸೊಬ್ಬಳು ಕಾರು ಓಡಿಸಿದ್ದು ಅದೇ ಮೊದಲು. ನಾನು ಗೇಟಿನಿಂದ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಆಚೀಚೆ ಮನೆಗಳ ಕಿಟಕಿಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಕೆಲವರು ಮೆಚ್ಚಿ ನಕ್ಕರು, ಕೆಲವರು ಮೂಗು ಮುರಿದರು. ಅತ್ತೆ ಮಾತ್ರ ಜಗಲಿಯ ಕಂಬಕ್ಕೆ ಒರಗಿ ನಿಂತು, ನಾನು ರಸ್ತೆ ಸೇರುವ ತನಕ ನೋಡಿ, ಒಳಗೆ ಹೋಗುತ್ತಿದ್ದರು. ಅವರಿಗೆ ಇದು ಇಷ್ಟವೋ ಅಲ್ಲವೋ ಎಂಬುದು ನನಗೆ ಅರ್ಥವಾಗುತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಡಿಸೆಂಬರ್ ಬಂತು. ತೋಡಾರಿನಲ್ಲಿ ಬೆಳೆದ ನನಗೆ ಚಳಿ ಎಂದರೆ ಏನೆಂದು ಗೊತ್ತಾದದ್ದು ಲಾಯಿಲದಲ್ಲೇ. ಬೆಳಿಗ್ಗೆ ಎದ್ದು ನೋಡಿದರೆ ಗಡಾಯಿಕಲ್ಲು ಎಂಬ ಬಂಡೆಬೆಟ್ಟ ಇದ್ದ ಜಾಗದಲ್ಲಿ ಗಡಾಯಿಕಲ್ಲು ಇಲ್ಲ, ಬರೀ ಬಿಳಿ ಮಂಜು. ಬಸಳೆ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಓಣಿಯ ಮುದುಕರು ಕಿವಿಗೆ ಮಫ್ಲರ್ ಸುತ್ತಿ ತರಗೆಲೆಗೆ ಬೆಂಕಿ ಹಾಕಿಕೊಂಡು ಕೂರುತ್ತಿದ್ದರು. ನಮ್ಮ ಕಾರಿಗೆ ಮಾಡು ಇರಲಿಲ್ಲ, ಅಂಗಳದಲ್ಲೇ ನಿಲ್ಲುತ್ತಿತ್ತು. ರಾತ್ರಿ ಬಿದ್ದ ಇಬ್ಬನಿಗೆ ಅದು ಬೆಳಗಾಗುವಾಗ ಮಿಂದು ಎದ್ದಂತೆ ಕಾಣುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಕೀಲಿ ತಿರುಗಿಸಿದೆ. ಎದುರಿಗೆ ಮೂರು ಕೆಂಪು ದೀಪಗಳು ಉರಿದವು. ಅದರಲ್ಲಿ ವಿಶೇಷವೇನಿಲ್ಲ, ಕೀಲಿ ತಿರುಗಿಸಿದಾಗ ಉರಿಯಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು ಎಂದು ಡ್ರೈವಿಂಗ್ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಎಂಜಿನ್ ಶುರುವಾಯಿತು. ದೀಪಗಳು ಆರಲಿಲ್ಲ. ಒಂದು ಬ್ಯಾಟರಿಯದು, ಟ್ರಂಕು ಪೆಟ್ಟಿಗೆಯಂಥ ಚಿತ್ರ. ಒಂದು ಬ್ರೇಕಿನದು. ಇನ್ನೊಂದು ಆಯಿಲಿನದು. ಅದರ ಚಿತ್ರವಂತೂ ನಮ್ಮ ಜಗಲಿಯ ಅಂಚಿನಲ್ಲಿ ಕೈಕಾಲು ತೊಳೆಯಲು ಇಡುವ ಹಿತ್ತಾಳೆಯ ಕಿಂಡಿ ಚೊಂಬಿನಂತೆಯೇ ಇತ್ತು. ಅದೇ ಉದ್ದ ಮೂತಿ, ತುದಿಯಲ್ಲಿ ಒಂದು ಹನಿ. ನಾನು ಅದಕ್ಕೆ ಕಿಂಡಿ ದೀಪ ಎಂದೇ ಹೆಸರಿಟ್ಟೆ.

ಹೆದರಿ ಗಾಡಿ ನಿಲ್ಲಿಸಿ, ಮಾವನನ್ನು ಕರೆದು, ಪಕ್ಕದ ಮನೆಯವರನ್ನು ಕರೆದು, ಎಲ್ಲರೂ ಇಣುಕಿ ನೋಡಿ ಮುಗಿಯುವಷ್ಟರಲ್ಲಿ ದೀಪಗಳು ಒಂದೊಂದಾಗಿ ಆರಿದವು. ನಾನು ಶಾಲೆಗೆ ತಡವಾಗಿ ತಲುಪಿದೆ. ಮರುದಿನವೂ ಹಾಗೆಯೇ. ಅದರ ಮರುದಿನ ಏನೂ ಇಲ್ಲ. ಆಮೇಲೆ ಪುನಃ. ಬಿಸಿಲು ಏರಿದ ಮೇಲೆ ಕೀಲಿ ತಿರುಗಿಸಿದರೆ ಗಾಡಿಯಷ್ಟು ಪಾಪದ್ದು ಬೇರೊಂದಿಲ್ಲ.

ಗುರುವಾಯನಕೆರೆಯಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ಸಂಜೀವಣ್ಣ ಎಂಬವರಿದ್ದರು. ಶಾಲೆ ಬಿಟ್ಟ ಮೇಲೆ ಅವರಲ್ಲಿಗೆ ಹೋದೆ. ಅವರು ಬ್ಯಾಟರಿಯ ತುದಿಗಳನ್ನು ಉಜ್ಜಿದರು, ಆಯಿಲ್ ನೋಡಿದರು, ಬೆಲ್ಟು ಎಳೆದು ನೋಡಿದರು. ದೀಪ ಉರಿಯುತ್ತಲೇ ಇಲ್ಲ.

"ಟೀಚರೇ, ನಿಮ್ಮ ಗಾಡಿಗೆ ಚಳಿಜ್ವರ" ಎಂದರು ನಗುತ್ತ. "ಮಧ್ಯಾಹ್ನ ಬಂದು ಬೆಳಗ್ಗಿನ ಜ್ವರ ತೋರಿಸಿದರೆ ನಾನು ಎಂಥ ಮಾಡ್ಲಿ?"

"ಬೆಳಿಗ್ಗೆ ತಂದರೆ?"

"ತನ್ನಿ, ನೋಡುವ."

ಬೆಳಿಗ್ಗೆ ತಂದೆ. ಲಾಯಿಲದಿಂದ ಅಲ್ಲಿಗೆ ಬರುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ದೀಪಗಳೆಲ್ಲ ಆರಿ ಹೋಗಿದ್ದವು. ಸಂಜೀವಣ್ಣ ತಲೆ ಕೆರೆದುಕೊಂಡರು. "ಒಂದು ಕೆಲಸ ಮಾಡುವನಾ? ಆ ಬಲ್ಬುಗಳನ್ನೇ ತೆಗೆದು ಬಿಡುವ. ಆಗ ಉರಿಯುವ ಪ್ರಶ್ನೆಯೇ ಇಲ್ಲ." ನಾನು ಒಪ್ಪಲಿಲ್ಲ. ನನಗೆ ಆ ಹೊತ್ತಿಗೆ ಭಯ ಹೋಗಿ ಕುತೂಹಲ ಹಿಡಿದಿತ್ತು. ದೀಪ ಏನೋ ಹೇಳುತ್ತಿದೆ, ಬಾಯಿ ಮುಚ್ಚಿಸಿದರೆ ಅದು ಏನೆಂದು ತಿಳಿಯುವುದು ಹೇಗೆ?

ಆದರೆ ಮನೆಯಲ್ಲಿ ಕುತೂಹಲ ನನಗೊಬ್ಬಳಿಗೇ ಇದ್ದದ್ದು. ಒಂದು ದಿನ ಮಾವ ಮಸೀದಿಯಲ್ಲಿ ನಸುಕಿನ ಸುಬಹಿ ನಮಾಜು ಮುಗಿಸಿ ಬಂದು ಗೇಟು ತೆರೆಯುತ್ತಿದ್ದಾರೆ, ಒಳಗೆ ಯಾರೂ ಇಲ್ಲದ ಕಾರು ತಾನಾಗಿ ಹಾರನ್ ಹೊಡೆಯತೊಡಗಿತು. ನಿಲ್ಲುವ ಲಕ್ಷಣವೇ ಇಲ್ಲ. ಓಣಿಯ ನಾಯಿಗಳೆಲ್ಲ ಬೊಗಳಿದವು, ಕಿಟಕಿಗಳೆಲ್ಲ ತೆರೆದವು. ಮಾವ ಟೊಪ್ಪಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತೇ ಬಿಟ್ಟಿದ್ದರು. ನಾನು ಓಡಿ ಬಂದು ಸ್ಟಿಯರಿಂಗಿಗೆ ಗುದ್ದಿದೆ, ಬಾನೆಟ್ಟಿಗೆ ಗುದ್ದಿದೆ. ಯಾವ ಗುದ್ದಿಗೋ ಏನೋ, ನಿಂತಿತು.

"ಇದು ಆಗಲಿಕ್ಕಿಲ್ಲ ಮಗಳೇ" ಎಂದರು ಮಾವ ಚಹಾ ಕುಡಿಯುತ್ತ. ಅವರು ಗದರಿಸುವವರಲ್ಲ. ಮೆಲ್ಲಗೆ ಹೇಳುತ್ತಿದ್ದರು, ಅದಕ್ಕೇ ಎದುರು ಮಾತಾಡಲು ಕಷ್ಟ. "ನಿಂತಲ್ಲೇ ಹೀಗೆ ಮಾಡುವ ಗಾಡಿ ಓಡುವಾಗ ಎಂಥ ಮಾಡ್ತದೋ ಯಾರಿಗೆ ಗೊತ್ತು? ಕೆಂಪು ದೀಪ ಕಂಡ ಮೇಲೂ ಹೋಗುವುದು ಧೈರ್ಯ ಅಲ್ಲ, ಹಠ."

ಆ ಶುಕ್ರವಾರ ದಮ್ಮಾಮಿನಿಂದ ಫೋನು ಬಂದಾಗ ಮಾವನೇ ಮೊದಲು ಮಾತಾಡಿದರು. ಆಮೇಲೆ ರಿಸೀವರ್ ನನ್ನ ಕೈಗೆ ಬಂತು. "ಮಾರಿ ಬಿಡಲಿ" ಎಂದರು ನನ್ನವರು. "ನನಗೆ ಇಲ್ಲಿ ನಿದ್ದೆ ಬರುವುದಿಲ್ಲ ಸಫಿಯಾ. ಮುಂದಿನ ರಜೆಯಲ್ಲಿ ಬೇರೆ ನೋಡುವ." ಮುಂದಿನ ರಜೆ ಎಂದರೆ ಎರಡು ವರ್ಷ. ಎರಡು ವರ್ಷ ಆ ಶಾಲೆ ನನಗಾಗಿ ಕಾಯುತ್ತದೆಯೇ? ಕಾರು ಹೋದರೆ ಕೆಲಸ ಹೋಯಿತು. ನಾನು ಫೋನು ಇಟ್ಟು, ಅಡುಗೆಮನೆಗೆ ಹೋಗಿ, ಈರುಳ್ಳಿ ಹೆಚ್ಚಿದೆ. ಅಳುವುದಕ್ಕೆ ಒಂದು ನೆಪ ಬೇಕಿತ್ತು. ಅತ್ತೆ ಪಕ್ಕದಲ್ಲೇ ಕೂತು ಮೀನು ಸವರುತ್ತಿದ್ದರು. ನನ್ನ ಕಡೆ ನೋಡಲಿಲ್ಲ. "ಈರುಳ್ಳಿ ಸಾಕು" ಎಂದರು, "ನಾಳೆಗೂ ಆಗುವಷ್ಟಾಯಿತು."

ಮಾವ ತಡ ಮಾಡಲಿಲ್ಲ. ಹಳೆಯ ಕಾರು ಕೊಂಡು ಮಾರುವ ಇಸ್ಮಾಯಿಲ್ ಕಾಕ ಎಂಬವರು ಬಂಟ್ವಾಳದಲ್ಲಿದ್ದರು. ಅವರಿಗೆ ಹೇಳಿ ಕಳುಹಿಸಿದರು. ಇಸ್ಮಾಯಿಲ್ ಕಾಕ ಮುಂದಿನ ಭಾನುವಾರ ಬೆಳಿಗ್ಗೆ ಬಂದು ನೋಡುತ್ತೇನೆ ಎಂದರು.

ಅದರ ನಡುವೆ ಒಂದು ಸಂಗತಿ ಆಯಿತು. ತವರಿನಲ್ಲಿ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಎರಡು ದಿನ ರಜೆ ಹಾಕಿ ಕಾರಿನಲ್ಲೇ ತೋಡಾರಿಗೆ ಹೋದೆ. ಅಲ್ಲಿ ಅಣ್ಣನ ಟೆಂಪೋ ನಿಲ್ಲಿಸುವ ಶೆಡ್ಡಿನಲ್ಲಿ ಕಾರು ನಿಂತಿತು. ಎರಡು ಬೆಳಿಗ್ಗೆಯೂ ಎದ್ದು ಹೋಗಿ ಕೀಲಿ ತಿರುಗಿಸಿದೆ. ದೀಪಗಳು ಹೊತ್ತಿದವು, ಆರಿದವು, ನಿಯತ್ತಾಗಿ. ಅಣ್ಣ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತ ಬಂದು ನಿಂತ.

"ನಿನ್ನ ಹಾಗೇ ಉಂಟಲ್ಲ ಮಾರಾಯ್ತಿ ಈ ಗಾಡಿ! ತವರಿಗೆ ಬಂದರೆ ಎಲ್ಲ ಸರಿ, ಗಂಡನ ಮನೆಯಲ್ಲೇ ಕಾಯಿಲೆ."

ನಾನು ನಕ್ಕೆ, ಆದರೆ ಆ ಮಾತು ತಲೆಯೊಳಗೆ ಕೂತಿತು. ತೋಡಾರಿನಲ್ಲೂ ಚಳಿ ಇತ್ತು, ಅಷ್ಟಿಲ್ಲದಿದ್ದರೂ ಇತ್ತು. ಇಲ್ಲದ್ದು ಯಾವುದು? ಶೆಡ್ಡಿನೊಳಗೆ ಇಬ್ಬನಿ ಬೀಳುವುದಿಲ್ಲ. ಲಾಯಿಲಕ್ಕೆ ವಾಪಸು ಬಂದ ಮೇಲೆ ದಿನಗಳನ್ನು ನೆನಪು ಮಾಡಿಕೊಂಡೆ. ದೀಪ ಉರಿಯದ ಬೆಳಿಗ್ಗೆಗಳು ಯಾವುವು? ಮೋಡ ಮುಚ್ಚಿದ್ದ ರಾತ್ರಿಗಳ ಮರುದಿನ. ಆ ಬೆಳಿಗ್ಗೆಗಳಲ್ಲಿ ಗಾಜು ಒಣಗಿಯೇ ಇರುತ್ತಿತ್ತು. ಹಾರನ್ ಕೂಗಿದ ದಿನವಂತೂ ಗಾಜಿನ ಮೇಲೆ ಹೆಸರು ಬರೆಯುವಷ್ಟು ನೀರಿತ್ತು. ಹಾಗಾದರೆ ಕಾರಿಗೆ ಹಿಡಿದದ್ದು ಚಳಿಯಲ್ಲ. ನೀರು ಎಲ್ಲಿಗೋ ಹೋಗುತ್ತಿದೆ, ಹೋಗಬಾರದ ಕಡೆಗೆ. ಅದನ್ನು ಹಿಂಬಾಲಿಸಬೇಕು. ಇದು ಹೊಳೆದ ಕ್ಷಣ ನನಗಾದ ಖುಷಿ ಲೈಸೆನ್ಸು ಸಿಕ್ಕಿದ ದಿನವೂ ಆಗಿರಲಿಲ್ಲ.

ಭಾನುವಾರಕ್ಕೆ ಮೊದಲಿನ ಶುಕ್ರವಾರ ಶಾಲೆಗೆ ಏನೋ ರಜೆ. ಮಾವ ಮಧ್ಯಾಹ್ನದ ಜುಮಾ ನಮಾಜಿಗೆ ಹೊರಟ ಮೇಲೆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ನೆತ್ತಿಯ ಮೇಲೆ ಬಿಸಿಲು, ಕಾರು ಒಣಗಿ ಗರಿಗರಿಯಾಗಿತ್ತು. ಜಗಲಿಯ ಕಿಂಡಿಗೆ ನೀರು ತುಂಬಿಸಿಕೊಂಡು ಬಂದೆ. ಅದರ ಮೂತಿಯಿಂದ ನೀರು ಸಣ್ಣಗೆ ಬೀಳುತ್ತದೆ, ಇಬ್ಬನಿ ಹರಿಯುವಂತೆಯೇ. ಬಾನೆಟ್ಟು ಎತ್ತಿ, ಎಂಜಿನ್ ಶುರುಮಾಡಿ, ಗಾಜಿನ ಮೇಲೆ ಸ್ವಲ್ಪ ಸ್ವಲ್ಪವೇ ಬಿಟ್ಟೆ.

"ಎಂಥ ಅದು, ನಮಾಜಿಗೆ ಮೊದಲು ಗಾಡಿಗೆ ಕೈಕಾಲು ತೊಳೆಸಿ ವುಳೂ ಮಾಡಿಸುವುದಾ?" ಎಂದರು ಅತ್ತೆ. ಅಪರೂಪಕ್ಕೊಮ್ಮೆ ಅವರ ಬಾಯಿಂದ ಇಂಥ ಮಾತು ಬರುತ್ತಿತ್ತು.

"ನೀರು ಎಲ್ಲಿ ಹೋಗ್ತದೆ ಅಂತ ನೋಡುವ. ನೀವು ಬಾಗಿಲಿನ ಹತ್ತಿರ ನಿಂತು ಒಳಗೆ ಕೆಂಪು ದೀಪ ಬಂತಾ ಹೇಳಿ."

ಅವರು ಹೋಗಿ ನಿಂತರು. ನೀರು ಗಾಜಿನಿಂದ ಇಳಿದು, ಬುಡದ ಸಂದಿಗೆ ಬಿದ್ದು, ಅಲ್ಲಿಂದ ಎಡಗಡೆಯ ಮೂಲೆಗೆ ಹರಿಯಿತು. ಆ ಮೂಲೆಯಲ್ಲಿ ಫ್ಯೂಸುಗಳಿರುವ ಕಪ್ಪು ಪೆಟ್ಟಿಗೆ, ಅದರ ಮುಚ್ಚಳದ ತುದಿ ಮುರಿದಿತ್ತು. ಒಂದು ಕಿಂಡಿ ಮುಗಿಯಿತು, ಇನ್ನೊಂದು ತಂದೆ.

"ಬಂತು!" ಎಂದು ಅತ್ತೆ ಕೂಗಿದರು. "ಕಿಂಡಿ ಬಂತು, ಪೆಟ್ಟಿಗೆಯೂ ಬಂತು!"

ನಡು ಮಧ್ಯಾಹ್ನ, ಸುಡುವ ಬಿಸಿಲಿನಲ್ಲಿ, ಬೆಳಗಿನ ದೀಪಗಳು! ನಾನು ಕುಣಿದೇ ಬಿಟ್ಟೆ. ಎಂಜಿನ್ ನಿಲ್ಲಿಸಿ, ಕಪ್ಪು ಪೆಟ್ಟಿಗೆಯ ಮೇಲೆ ಕೈಯಾಡಿಸಿದೆ. ಮುರಿದ ಮುಚ್ಚಳದ ಮೇಲೆ, ಸಂದಿಯೊಳಗೆ ಒತ್ತಿ ಇಟ್ಟಂತೆ, ಮೆತ್ತಗಿನದೇನೋ ಬೆರಳಿಗೆ ತಗುಲಿತು. ಎಳೆದು ತೆಗೆದೆ. ಮಣ್ಣು ಹಿಡಿದ ಸಣ್ಣ ಬಟ್ಟೆಯ ಗಂಟು. ನೀರು ತೊಟ್ಟಿಕ್ಕುತ್ತಿತ್ತು. ಬಿಚ್ಚಿದರೆ ಒಣಮೆಣಸು, ಸಾಸಿವೆ, ಮತ್ತೆ ಕರಗಿ ಅರ್ಧವಾಗಿದ್ದ ಕಲ್ಲುಪ್ಪು. ಕಣ್ಣು ತಾಗದಂತೆ ಕಟ್ಟುವ ಗಂಟು. ಪೆಟ್ಟಿಗೆಯೊಳಗೆ ಫ್ಯೂಸುಗಳ ಕಾಲುಗಳೆಲ್ಲ ಹಸಿರು ಬಣ್ಣಕ್ಕೆ ತಿರುಗಿದ್ದವು. ಬೆರಳಿಗೆ ಅಂಟಿದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಸಮುದ್ರದ ನೀರಿನಷ್ಟೇ ಉಪ್ಪು.

ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಇಬ್ಬನಿಗೆ ಉಪ್ಪು ಒಸರುತ್ತದೆ, ಉಪ್ಪುನೀರು ಒಳಗಿಳಿದು ಒಂದು ತಂತಿಯ ಕರೆಂಟನ್ನು ಇನ್ನೊಂದಕ್ಕೆ ದಾಟಿಸುತ್ತದೆ, ಎಂಜಿನ್ ಬಿಸಿಯಾದರೆ ಎಲ್ಲ ಒಣಗಿ ಸುಮ್ಮನಾಗುತ್ತದೆ. ಹೇಳಲೆಂದು ತಲೆಯೆತ್ತಿದೆ. ಅತ್ತೆ ಬಾಗಿಲು ಬಿಟ್ಟು ಬಂದು ನನ್ನೆದುರು ನಿಂತಿದ್ದರು. ಅವರ ಕಣ್ಣು ಇದ್ದದ್ದು ಬಟ್ಟೆಯ ಮೇಲೆ. ನಾನೂ ಆಗಲೇ ಅದನ್ನು ಸರಿಯಾಗಿ ನೋಡಿದ್ದು. ಬಿಳಿಯ ಮೇಲೆ ನೀಲಿ ಹೂವು. ಅತ್ತೆ ತೊಡುತ್ತಿದ್ದ ಹಳೆಯ ಕುಪ್ಪಾಯದ ಬಟ್ಟೆ.

ಅವರು ಅಲ್ಲೇ ಜಗಲಿಯ ಮೆಟ್ಟಿಲಲ್ಲಿ ಕೂತರು.

"ನಿನ್ನ ಗಂಡ ಹೊರಟ ದಿನ ಗಾಡಿಗೆ ನೀರು ಹಾಕಲಿಕ್ಕೆ ಬಾಯಿ ತೆರೆದಿಟ್ಟಿದ್ದ" ಎಂದರು. ಬಾಯಿ ಎಂದರೆ ಬಾನೆಟ್ಟು. "ಆಗ ಇಟ್ಟೆ. ನೀನು ಹೋಗುವಾಗ ಓಣಿಯ ಕಣ್ಣೆಲ್ಲ ನಿನ್ನ ಬೆನ್ನಿಗೇ. ನನಗೆ ನೀನು ವಾಪಸು ಬರುವ ತನಕ ಹೊಟ್ಟೆಯಲ್ಲಿ ಬೆಂಕಿ. ನಿನಗೆ ಏನೂ ಆಗಬಾರದು ಅಂತ ಇಟ್ಟೆ."

"ಅತ್ತೆ..."

"ನನ್ನ ಕೈಯಿಂದಲೇ ಆಯಿತಾ ಇದೆಲ್ಲ? ನಿನ್ನ ಕೆಲಸ ಹೋಗುವ ಹಾಗೆ ಮಾಡಿದ್ದು ನಾನೇ ಆದೆನಾ?"

ಇಷ್ಟು ದಿನ ಕಂಬಕ್ಕೊರಗಿ ನಿಲ್ಲುತ್ತಿದ್ದ ಹೆಂಗಸು ಒಳಗೊಳಗೇ ಇಷ್ಟನ್ನು ಹೊತ್ತುಕೊಂಡಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಎಷ್ಟು ಪ್ರೀತಿ ಉಕ್ಕಿತೆಂದರೆ ಉಪ್ಪು ಕೈಯಲ್ಲೇ ಅವರ ಕೈ ಹಿಡಿದುಕೊಂಡೆ. ಏನೂ ಹಾಳಾಗಿಲ್ಲ, ತೊಳೆದರೆ ಸರಿಯಾಗುತ್ತದೆ ಎಂದು ಹೇಳಿದೆ. ಅವರು ಕೇಳಿಕೊಂಡದ್ದು ಒಂದೇ, ಮಾವನಿಗೆ ತಿಳಿಯಬಾರದು. ಮಾವನಿಗೆ ಇಂಥ ಗಂಟು ಕಟ್ಟುವುದೆಲ್ಲ ಆಗುತ್ತಿರಲಿಲ್ಲ. ದುವಾ ಮಾಡಿದರೆ ಸಾಕು, ಮೆಣಸು ಸಾರಿಗೆ ಹಾಕಿ ಎನ್ನುವವರು ಅವರು. ಯಾರಿಗೂ ಹೇಳುವುದಿಲ್ಲ ಎಂದೆ.

ಮಾವ ಬರುವುದರೊಳಗೆ ಬ್ಯಾಟರಿಯ ತಂತಿ ಬಿಚ್ಚಿ, ಫ್ಯೂಸುಗಳನ್ನು ಕಿತ್ತು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಒರೆಸಿ ಬಿಸಿಲಿಗೆ ಒಣಗಿಸಿದೆವು. ಅತ್ತೆ ಒಂದೊಂದು ಫ್ಯೂಸನ್ನೂ ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಬೆಳಕಿಗೆ ಹಿಡಿದು ನೋಡಿ ಕೊಟ್ಟರು. ಮುರಿದ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿದೆ. ಶನಿವಾರ ಬೆಳಿಗ್ಗೆ ಇಬ್ಬನಿ ಧಾರಾಳವಾಗಿತ್ತು. ಕೀಲಿ ತಿರುಗಿಸಿದೆ. ಮೂರು ದೀಪಗಳೂ ಹೊತ್ತಿ, ಆರಿದವು. ಶಾಲೆಯಿಂದ ಬಂದವಳೇ ಮಾವನಿಗೆ ಹೇಳಿದೆ, ದೀಪ ಉರಿಯುತ್ತಿಲ್ಲ, ಸರಿಯಾಗಿದೆ, ಇನ್ನು ಮಾರುವ ಅಗತ್ಯವಿಲ್ಲ ಎಂದು.

ಮಾವನ ಮುಖ ಅರಳಿತು. "ಅಲ್‌ಹಂದುಲಿಲ್ಲಾ, ಒಳ್ಳೆಯದಾಯಿತು. ಕೆಟ್ಟ ಗಾಡಿಯನ್ನು ಒಬ್ಬರ ತಲೆಗೆ ಕಟ್ಟುವುದು ಹೇಗೆ ಅಂತ ನನಗೆ ಸಂಕಟ ಇತ್ತು. ಈಗ ಒಳ್ಳೆಯ ಮನಸ್ಸಿನಿಂದ ಕೊಡಬಹುದು."

"ಸರಿಯಾದ ಮೇಲೂ ಕೊಡುವುದಾ?"

"ಇವತ್ತು ಸರಿ, ನಾಳೆ? ಕಾರಣ ಗೊತ್ತುಂಟಾ ನಿನಗೆ?"

ಕಾರಣ ಗೊತ್ತಿತ್ತು. ಹೇಳುವಂತಿರಲಿಲ್ಲ. ಅತ್ತೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ, "ಹೇಳಿಬಿಡು ಬೇಕಾದರೆ" ಎಂದರು. ನಾನು ಬೇಡವೆಂದು ತಲೆಯಾಡಿಸಿದೆ. ಕೊಟ್ಟ ಮಾತು ಒಂದು ಕಡೆ. ಈ ವಯಸ್ಸಿನಲ್ಲಿ ಅವರು ಗಂಡನೆದುರು ತಲೆ ತಗ್ಗಿಸಿ ನಿಂತು ನನ್ನ ಕಾರು ಉಳಿಯುವುದು ನನಗೆ ಬೇಡವಾಗಿತ್ತು.

ಭಾನುವಾರ ಬೆಳಿಗ್ಗೆ ಇಸ್ಮಾಯಿಲ್ ಕಾಕ ಮಂಜಿನೊಳಗಿಂದ ಸ್ಕೂಟರಿನಲ್ಲಿ ಬಂದರು. ಸ್ವೆಟರು, ಅದರ ಮೇಲೆ ಶಾಲು, ತಲೆಗೆ ಮಂಗನ ಟೊಪ್ಪಿ. ಮಾವ ಅವರನ್ನು ಜಗಲಿಯಲ್ಲಿ ಕೂರಿಸಿ ಚಹಾಕ್ಕೆ ಹೇಳಿದರು. ನಾನು ಚಹಾದ ತಟ್ಟೆ ಇಟ್ಟು ಬಾಗಿಲ ಬಳಿ ನಿಂತೆ. ಇದು ಆ ಕಾರನ್ನು ನಾನು ನೋಡುವ ಕೊನೆಯ ಬೆಳಿಗ್ಗೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕಾರು ಆಗಷ್ಟೇ ತೊಳೆದಂತೆ ಹೊಳೆಯುತ್ತಿತ್ತು. ಅತ್ತೆ ಅಂಗಳದ ಕೊನೆಯಲ್ಲಿ ಕೋಳಿಗಳಿಗೆ ಅಕ್ಕಿ ಎರಚುತ್ತಿದ್ದರು.

ಇಸ್ಮಾಯಿಲ್ ಕಾಕ ಕಾರಿನೊಳಗೆ ಕೂತು ಕೀಲಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಅವರು ಮೆಚ್ಚುಗೆಯಿಂದ ತಲೆದೂಗಿದರು. ಆಮೇಲೆ ಮುಂದಕ್ಕೆ ಬಾಗಿ ನೋಡಿದರು. ಇನ್ನೂ ಬಾಗಿದರು.

"ಸಾಹೇಬರೇ, ಇದು ಎಂಥ? ಆರುವುದಿಲ್ಲವಲ್ಲ?"

ಮಾವ ಓಡಿದರು, ನಾನೂ ಓಡಿದೆ. ಕಿಂಡಿ, ಪೆಟ್ಟಿಗೆ, ಬ್ರೇಕು, ಮೂರೂ ಮದುವೆಮನೆಯ ದೀಪಗಳಂತೆ ಉರಿಯುತ್ತಿವೆ. ನಾನು ಬೆಪ್ಪಾದೆ. ಒರೆಸಿದ್ದೆ, ಒಣಗಿಸಿದ್ದೆ, ಪ್ಲಾಸ್ಟಿಕ್ ಕಟ್ಟಿದ್ದೆ. ಹೇಗೆ? ಅಷ್ಟರಲ್ಲಿ ಹಾರನ್ ತಾನಾಗಿ ಕೂಗತೊಡಗಿತು. ಇಸ್ಮಾಯಿಲ್ ಕಾಕ ಮುಳ್ಳಿನ ಮೇಲೆ ಕೂತವರಂತೆ ಹಾರಿ ಹೊರಗೆ ಬಂದರು.

"ಎಂಥ ಮಾರಾಯ್ರೇ ಇದು! ನಾನು ಮುಟ್ಟಲೇ ಇಲ್ಲ!"

ನಾನು ತಿರುಗಿ ಜಗಲಿಯ ಅಂಚು ನೋಡಿದೆ. ಕಿಂಡಿ ಅಲ್ಲಿರಲಿಲ್ಲ. ಅದು ಅಂಗಳದ ಕೊನೆಯಲ್ಲಿ, ಅತ್ತೆಯ ಕಾಲಿನ ಬಳಿ ಇತ್ತು. ಪಕ್ಕದಲ್ಲಿ ನಾನು ಕಟ್ಟಿದ್ದ ಪ್ಲಾಸ್ಟಿಕ್ ಹಾಳೆಯನ್ನು ಒಂದು ಹೇಂಟೆ ಕುಕ್ಕುತ್ತಿತ್ತು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗಡಾಯಿಕಲ್ಲು ಇರಬೇಕಾದ ಕಡೆಗೆ ನೋಡುತ್ತಿದ್ದರು, ಅಲ್ಲಿ ಮಂಜಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

"ಗಾಡಿ ತೊಳೆದವರು ಯಾರು?" ಎಂದರು ಮಾವ.

"ನಾನು" ಎಂದರು ಅತ್ತೆ. "ನೋಡಲಿಕ್ಕೆ ಜನ ಬರುವಾಗ ತೊಳೆದು ಇಡಬೇಡವಾ?"

ಇಸ್ಮಾಯಿಲ್ ಕಾಕ ಚಹಾವನ್ನೂ ಪೂರ್ತಿ ಕುಡಿಯಲಿಲ್ಲ. ಈ ಗಾಡಿಯಲ್ಲಿ ಎಂಥದೋ ಉಂಟು, ತನಗೆ ಬೇಡ ಎಂದು ಸ್ಕೂಟರು ಹತ್ತಿದರು. ಸ್ಕೂಟರಿನ ಸದ್ದು ಅಡಗುವ ತನಕ ಮಾವ ಗೇಟಿನಲ್ಲೇ ನಿಂತಿದ್ದರು. ಆಮೇಲೆ, ಬೇರೆಯವರಿಗೆ ಹೇಳಿ ನೋಡುತ್ತೇನೆ ಎಂದು ಹೇಳಲು ಬಾಯಿ ತೆರೆದರು.

"ಬೇಡ" ಎಂದರು ಅತ್ತೆ. ಆ ಮನೆಯಲ್ಲಿ ಅವರು ಮಾವನ ಮಾತನ್ನು ನಡುವೆ ತಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಇನ್ನು ಯಾರನ್ನೂ ಕರೆಯುವುದು ಬೇಡ. ನಿಮಗೆ ಹೆದರಿಕೆ ಆದರೆ ನಾಳೆಯಿಂದ ಅವಳ ಪಕ್ಕದಲ್ಲಿ ನಾನು ಕೂತು ಹೋಗ್ತೇನೆ. ಆಗುವುದಾದರೆ ಇಬ್ಬರಿಗೂ ಆಗಲಿ."

ಮಾವ ನಮ್ಮಿಬ್ಬರ ಮುಖವನ್ನೂ ಬಹಳ ಹೊತ್ತು ನೋಡಿದರು. ಏನು ಅರ್ಥವಾಯಿತೋ ಗೊತ್ತಿಲ್ಲ. "ಸರಿ" ಎಂದು ಹೇಳಿ ಪೇಟೆಗೆ ಹೊರಟರು. ಆಮೇಲೆ ಎಷ್ಟೋ ವರ್ಷ, ಬಂದ ನೆಂಟರಿಗೆಲ್ಲ ಅವರು ಆ ಕತೆ ಹೇಳಿ ನಗುತ್ತಿದ್ದರು, ಕಾರಿಗೆ ನಮ್ಮ ಮನೆ ಬಿಟ್ಟು ಹೋಗುವ ಮನಸ್ಸಿರಲಿಲ್ಲ ಎಂದು.

ಆ ದಿನ ಮಧ್ಯಾಹ್ನ ನಾವಿಬ್ಬರೂ ಪುನಃ ಫ್ಯೂಸುಗಳನ್ನು ಕಿತ್ತು ತಿಕ್ಕಿದೆವು. "ಇದು ಮೋಸ ಅಲ್ವಾ ಅತ್ತೆ?" ಎಂದು ಕೇಳಿದೆ.

"ಎಂಥ ಮೋಸ? ಅವರಿಗೆ ಕೆಟ್ಟದ್ದನ್ನು ಒಳ್ಳೆಯದು ಅಂತ ಕೊಟ್ಟೆನಾ? ನಮ್ಮ ಗಾಡಿಗೆ ನಾನು ಉಪ್ಪು ಹಾಕಿದೆ, ಅಷ್ಟೆ."

ಸೋಮವಾರ ಅವರು ಹೇಳಿದಂತೆಯೇ ಬಂದು ಮುಂದಿನ ಸೀಟಿನಲ್ಲಿ ಕೂತರು. ದೀಪಗಳು ಹೊತ್ತಿ, ಆರಿದವು. ಆರಿದ್ದನ್ನು ಬಗ್ಗಿ ನೋಡಿ ಖಚಿತ ಮಾಡಿಕೊಂಡ ಮೇಲೆಯೇ ಹೊರಡು ಎಂದರು. ಆ ವಾರವಿಡೀ ಬಂದರು. ಶಾಲೆಯ ಜಗಲಿಯಲ್ಲಿ ಕೂತು, ನನ್ನ ತರಗತಿಯ ಮಕ್ಕಳ ಮೂಗು ಒರೆಸಿ, ಮಧ್ಯಾಹ್ನ ನನ್ನ ಜೊತೆಯೇ ವಾಪಸಾದರು. ಒಂದು ದಿನ ದಾರಿಯಲ್ಲಿ, ಗಾಜು ಇಳಿಸಿ ಮುಖಕ್ಕೆ ಗಾಳಿ ಬಿಟ್ಟುಕೊಂಡು, ಇದ್ದಕ್ಕಿದ್ದಂತೆ ಹೇಳಿದರು: "ನನಗೆ ಸೈಕಲ್ ಬರುತ್ತಿತ್ತು, ಗೊತ್ತುಂಟಾ? ತವರು ಪಾಣೆಮಂಗಳೂರಿನಲ್ಲಿ, ಹೊಳೆ ಬದಿಯ ರಸ್ತೆಯಲ್ಲಿ ಅಣ್ಣನ ಸೈಕಲ್ ಬಿಡುತ್ತಿದ್ದೆ. ಒಮ್ಮೆ ಬಿದ್ದೆ. ಕಣ್ಣು ತಾಗಿತು, ಇನ್ನು ಬೇಡ ಅಂದರು ಎಲ್ಲರೂ. ಆಮೇಲೆ ಮುಟ್ಟಲಿಲ್ಲ."

ರಸ್ತೆಯಿಂದ ಕಣ್ಣು ತೆಗೆಯದೆ, "ಅದಕ್ಕೇನಾ ಗಂಟು ಇಟ್ಟದ್ದು?" ಎಂದೆ.

"ನೀನು ಬಿದ್ದರೆ ಇದನ್ನೂ ಬೇಡ ಅಂತಾರಲ್ಲ" ಎಂದರು. ಆಮೇಲೆ ಸೊಂಟದಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದರು. ನನ್ನವರು ಗಲ್ಫಿನಿಂದ ತಂದಿದ್ದ ನೋವಿನ ಮುಲಾಮಿನದು. ಅಲ್ಲಾಡಿಸಿದರು, ಒಳಗೆ ಕಲ್ಲುಪ್ಪು ಗರಗರ ಎಂದಿತು. "ಮುಚ್ಚಳ ಗಟ್ಟಿ ಉಂಟು. ಈಗ ನೀರು ಹೋಗುವುದಿಲ್ಲ ಅಲ್ವಾ?"

"ಹೋಗುವುದಿಲ್ಲ."

ಅವರೇ ಅದನ್ನು ಮುಂದಿನ ಖಾನೆಯಲ್ಲಿಟ್ಟು ಮುಚ್ಚಿದರು. ಆ ಕಾರು ನಮ್ಮಲ್ಲಿ ಇದ್ದಷ್ಟು ವರ್ಷವೂ ಡಬ್ಬಿ ಅಲ್ಲೇ ಇತ್ತು. ದೀಪಗಳು ಒಮ್ಮೆಯೂ ತೊಂದರೆ ಕೊಡಲಿಲ್ಲ.

"ಸಿಕ್ಕಿತು ಉಮ್ಮ" ಎಂದ ಮಗ, ಗುರುವಾಯನಕೆರೆಯ ರಸ್ತೆ ಬದಿಯಲ್ಲಿ. "ಚಳಿಗೆ ಟಯರಿನ ಗಾಳಿ ಕುಗ್ಗಿದರೆ ಈ ದೀಪ ಬರ್ತದಂತೆ. ಗಾಳಿ ಹಾಕಿಸಿದರೆ ಸಾಕು." ಎಷ್ಟು ಗಾಳಿ ಎಂದು ನೋಡಲು ಅವನು ಕಾರಿನ ಪುಸ್ತಕಕ್ಕಾಗಿ ಮುಂದಿನ ಖಾನೆ ತೆರೆದ. ಪುಸ್ತಕದ ಹಿಂದೆ, ಕಾರು ಮನೆಗೆ ಬಂದ ದಿನ ನಾನು ಇಟ್ಟದ್ದು ಅವನ ಕೈಗೆ ಸಿಕ್ಕಿತು. ಬಣ್ಣವೆಲ್ಲ ಹೋಗಿ ತಗಡು ಮಾತ್ರ ಉಳಿದಿದ್ದ ಡಬ್ಬಿ. ಅಲ್ಲಾಡಿಸಿ ನೋಡಿದ.

"ಇದು ಎಂಥ?"

"ನಿನ್ನ ಅಜ್ಜಿಯದ್ದು. ಅಲ್ಲೇ ಇರಲಿ" ಎಂದೆ. "ಮುಚ್ಚಳ ಮಾತ್ರ ತೆಗೆಯಬೇಡ."